ಮೂಗಿನ ಪಾಲಿಪ್: ಆಪರೇಷನ್ನೋ, ಇಂಜೆಕ್ಷನ್ನೋ?

ಪಾಲಿಪ್ ಎಂದರೆ ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು. ಅದರಿಂದ ಮೂಗು ಕಟ್ಟಿ ಮೀನುಸಾರಿನ ವಾಸನೆಯೂ ತಿಳಿಯದ ಮಂಗಳೂರು, ಉಡುಪಿಯವರ ಮುಂದೆ ಈಗ ಎರಡು ದಾರಿ. ಎಂಡೋಸ್ಕೋಪಿ ಆಪರೇಷನ್ ಒಂದೇ ಸಲಕ್ಕೆ ಪಾಲಿಪ್ ತೆಗೆದು ಸೈನಸ್ಸಿನ (ಮೂಗಿನ ಸುತ್ತಲ ಗಾಳಿಗೂಡಿನ) ಬಾಯಿ ಅಗಲಿಸುತ್ತದೆ. ಆದರೆ ಉರಿಯೂತ ಉಳಿದರೆ ಪಾಲಿಪ್ ಮತ್ತೆ ಬೆಳೆಯಬಹುದು.

2019ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಇಂಜೆಕ್ಷನ್ ಆ ಉರಿಯೂತವನ್ನೇ ತಡೆಯುತ್ತದೆ: ಎರಡು ವಾರಕ್ಕೊಮ್ಮೆ 300 ಮಿಲಿಗ್ರಾಂ, ಚರ್ಮದಡಿಗೆ. ವಾಸನೆ ಮರಳಿಸುವುದು ಇದರ ದೊಡ್ಡ ಗುಣ. ಆದರೆ ಬಲು ದುಬಾರಿ, ನಿಲ್ಲಿಸಿದರೆ ಪಾಲಿಪ್ ಮರಳಬಹುದು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಇದನ್ನೂ ಯೋಚಿಸಿ.

ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇಗೆ ಪಾಲಿಪ್ ಬಗ್ಗದಿದ್ದರೆ ಮೊದಲು ಆಪರೇಷನ್ನೇ ಮೇಲು. ಆಮೇಲೂ ಮರಳಿದರೆ, ಜೊತೆಗೆ ಅಸ್ತಮಾ ಇದ್ದರೆ, ಇಂಜೆಕ್ಷನ್. ಯಾವ ದಾರಿ ಹಿಡಿದರೂ, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಬಿಡುವಂತಿಲ್ಲ. ಬಾವಿ ನೀರನ್ನು ಕುದಿಸಿ ಆರಿಸಿಯೇ ಬಳಸಿ. ಹಸಿ ನೀರಿನ ಅಮೀಬಾ ಮೂಗಿನಿಂದ ಮಿದುಳಿಗೆ ಏರಬಲ್ಲದು.