ಕಾರಿನ ಫ್ಯೂಯೆಲ್ ಪಂಪ್ ಬಿಚ್ಚಿಸಿದವರು ಹಿಂದಿನ ಸೀಟು ಎತ್ತಿ ನೋಡಿ

ಪಂಚಮಿ ಹಬ್ಬಕ್ಕೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಕಾತ್ರಜ್ ದಾಟಿ ಟ್ಯಾಂಕ್ ಫುಲ್ ಮಾಡಿಸಿದೆವು. ಖಂಬಾಟ್ಕಿ ಘಾಟ್ ಹತ್ತುವಾಗ ಜೋರು ಮಳೆ, ಗ್ಲಾಸ್ ಎಲ್ಲ ಏರಿಸಿತ್ತು. ಹಿಂದೆ ಕೂತಿದ್ದ ಅತ್ತೆ ನಮ್ಮ ಯಜಮಾನರಿಗೆ, "ಚಿಮಣಿ ಎಣ್ಣಿ ವಾಸನಿ ಬರಾಕತ್ತೈತಲ್ಲೋ" ಎಂದರು. ಮುಂದಿನ ಲಾರಿಯದು ಅಂದುಕೊಂಡೆವು. ಎರಡು ತಿರುವು ದಾಟುವಷ್ಟರಲ್ಲಿ ಮಗಳು ಕಣ್ಣು ಉರಿ ಅಂತ ಅಳತೊಡಗಿದಳು.

ಯಜಮಾನರು ಗಾಡಿ ಬದಿಗೆ ಹಾಕಿ ಚಾವಿ ತೆಗೆದರು. ಬಾಗಿಲು ನಾಲ್ಕೂ ತೆರೆದಿಟ್ಟು ಮಳೆಯಲ್ಲೇ ದೂರ ನಿಂತೆವು. ಬಹಳ ಹೊತ್ತಿನ ಮೇಲೆ ಹಿಂದಿನ ಸೀಟು ಎತ್ತಿದರೆ ಕೆಳಗೆಲ್ಲ ತೊಯ್ದಿತ್ತು. ಮುಟ್ಟಿದ ಬೆರಳು ತಣ್ಣಗಾಯಿತು. ಪೆಟ್ರೋಲ್. ಮಗಳು ಅದರ ಮೇಲೇ ಕೂತಿದ್ದಳು.

ತಿಂಗಳ ಹಿಂದೆ ಮನೆ ಹತ್ತಿರದ ಗ್ಯಾರೇಜಿನಲ್ಲಿ ಫ್ಯೂಯೆಲ್ ಪಂಪ್ ಬದಲಿಸಿದ್ದೆವು. ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಈ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ನಮ್ಮ ಕಾರಿನಲ್ಲಿ ಪಂಪ್ ಇಳಿಸುವ ಟ್ಯಾಂಕಿನ ಬಾಯಿ ಹಿಂದಿನ ಸೀಟಿನ ಕೆಳಗೆ. ಅಲ್ಲಿ ಪೆಟ್ರೋಲ್ ಸೋರದಂತೆ ಒಂದು ರಬ್ಬರ್ ರಿಂಗ್, ಮೇಲೆ ಅದನ್ನು ಒತ್ತಿ ಹಿಡಿಯುವ ಲಾಕ್ ರಿಂಗ್. ಪೆಟ್ರೋಲ್ ಕುಡಿದ ರಬ್ಬರ್ ಉಬ್ಬಿರುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ, ಹೊಸದು ಹಾಕಲೇಬೇಕು. ಗ್ಯಾರೇಜಿನವನು ಹಳೆಯದನ್ನೇ ಒತ್ತಿ ಕೂರಿಸಿ, ಸುತ್ತ ಸಿಲಿಕೋನ್ ಅಂಟು ಬಳಿದಿದ್ದ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ. ಕಾರು ಎಳೆಸಿಕೊಂಡು ಹೋಗಿ ಸಾತಾರಾದಲ್ಲಿ ಬಿಚ್ಚಿಸಿದಾಗ ಅದು ನೆನೆದ ಅವಲಕ್ಕಿ ಹಾಗೆ ಉಗುರಿಗೇ ಬರುತ್ತಿತ್ತು. ರಿಂಗ್ ಒಂದು ಕಡೆ ಮಡಚಿಕೊಂಡಿತ್ತು. ಅರ್ಧ ಟ್ಯಾಂಕ್ ಇದ್ದಾಗ ಏನೂ ಗೊತ್ತಾಗಿರಲಿಲ್ಲ. ಫುಲ್ ಮಾಡಿ ಘಾಟ್ ಹತ್ತಿದಾಗ ಪೆಟ್ರೋಲ್ ಹಿಂದಕ್ಕೆ ವಾಲಿ ಆ ಬಾಯಿಗೇ ಬಂದಿದೆ.

ಟ್ಯಾಂಕನ್ನು ಅಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೂ ಅದು ಜಜ್ಜಿಹೋಗಬಾರದು ಅಂತ ಹಿಂದಿನ ಚಕ್ರಗಳ ಆಕ್ಸಲ್‌ಗಿಂತ ಮುಂದೆ ಕೂರಿಸುತ್ತಾರೆ. ಅಮೆರಿಕದ ಫೋರ್ಡ್ ಪಿಂಟೋ ಕಾರಿನಲ್ಲಿ ಅದು ಆಕ್ಸಲ್ ಹಿಂದೆ ಇತ್ತು. ಅದಕ್ಕೇ 1978ರಲ್ಲಿ ಅದರ ಜೋಡಿ ಮಾದರಿಯೂ ಸೇರಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಇಷ್ಟು ಯೋಚಿಸಿ ಕೂರಿಸಿದ ಟ್ಯಾಂಕಿನ ಬಾಯಿಗೆ ಹಳೆ ರಬ್ಬರ್ ಒತ್ತುವುದು ಅಂದ್ರೆ! ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾಲಡಿಯಲ್ಲೇ ತುಂಬಿಕೊಳ್ಳುತ್ತದೆ. ಪಂಪಿನ ವೈರ್ ಕೂಡ ಅಲ್ಲೇ. ಒಂದು ಕಿಡಿ ಸಾಕಿತ್ತು.

ಹೊಸ ರಿಂಗಿಗೆ ಕೊಟ್ಟಿದ್ದು 240 ರೂಪಾಯಿ. ಪಂಪ್ ಬಿಚ್ಚಿಸಿದರೆ ದಯವಿಟ್ಟು ಕಣ್ಣೆದುರೇ ಹೊಸದು ಹಾಕಿಸಿ, ಹಳೆಯದನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಕಾರಿನ ಒಳಗೆ ಪೆಟ್ರೋಲ್ ವಾಸನೆ ಬಂದರೆ ಮೊದಲು ಎಲ್ಲರನ್ನೂ ಇಳಿಸಿ. ನೋಡೋಣ ಅಂತ ಮತ್ತೆ ಚಾವಿ ತಿರುಗಿಸಬೇಡಿ, ತಿರುಗಿಸಿದರೆ ಪಂಪೂ ಚಾಲೂ ಆಗುತ್ತದೆ.