ಸ್ಪೀಡೋಮೀಟರ್ ಕ್ಯಾಲಿಬ್ರೇಷನ್ ಅಂತ ದುಡ್ಡು ಕೊಡಬೇಡಿ, ಮುಳ್ಳು ಕಿತ್ತು ಜರುಗಿಸಿ ಕೊಡ್ತಾರೆ

ಮೀಟರಿನಲ್ಲಿ 100, ಫೋನಿನ ಜಿಪಿಎಸ್‌ನಲ್ಲಿ 94. ಇದನ್ನು ನೋಡಿ ಯಾರಾದರೂ "ಮೀಟರ್ ತಪ್ಪು" ಅಂದರೆ ನಂಬಬೇಡಿ. ಮೀಟರ್ ಸರಿಯಾಗೇ ಇದೆ. ಇಷ್ಟು ಗೊತ್ತಿದ್ದೂ ಬೆಂಗಳೂರಿನ ಒಂದು ಮೀಟರ್ ಅಂಗಡಿಗೆ 3,500 ರೂಪಾಯಿ ತೆತ್ತಿದ್ದಾಯ್ತು. ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ‘ಸ್ಪೀಡೋಮೀಟರ್ ಕ್ಯಾಲಿಬ್ರೇಷನ್, 30 ನಿಮಿಷ’ ಅನ್ನೋ ಬೋರ್ಡ್ ಇನ್ನೂ ಅಲ್ಲೇ ನೇತಾಡ್ತಿದೆ, ಇನ್ನೊಬ್ಬರು ಹೋಗಿ ಬೀಳ್ತಾರೆ.

ಮೊದಲು ವಿಷಯ. ಕಾರಿನ ಮೀಟರನ್ನು ಕಂಪನಿಯೇ ಬೇಕಂತ ಸ್ವಲ್ಪ ಏರಿಸಿ ಇಟ್ಟಿರುತ್ತೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಸ್ಪೀಡೋಮೀಟರಿನದೇ: ಮುಳ್ಳು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು, ಜಾಸ್ತಿ ತೋರಿಸಿದರೆ ನಿಜವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿ.ಮೀ. ತನಕ ಇರಬಹುದು. ನಿಜವಾಗಿ 94ರಲ್ಲಿ ಹೋಗ್ತಿದ್ದರೆ 107ರ ತನಕ ತೋರಿಸಿದರೂ ತಪ್ಪಿಲ್ಲ ಅಂತಾಯ್ತು. ನಮ್ಮದು 100 ತೋರಿಸ್ತಿತ್ತು. ನಮ್ಮಲ್ಲಿ ಮಾರುವ ಕಾರುಗಳೂ ಹೆಚ್ಚುಕಮ್ಮಿ ಹೀಗೇ ಇರ್ತವೆ.

ಏರಿಸಿಡೋದಕ್ಕೆ ಒಂದು ಮುಖ್ಯ ಕಾರಣ ಟೈರು: ಅದರ ಅಳತೆ ಸ್ವಲ್ಪ ಆಚೀಚೆ ಆದರೂ ಮುಳ್ಳು ಕಮ್ಮಿ ತೋರಿಸಬಾರದು ಅಂತ. ಮೀಟರಿಗೆ ಗೊತ್ತಾಗೋದು ಚಕ್ರ ಎಷ್ಟು ಸುತ್ತು ತಿರುಗ್ತು ಅನ್ನೋದು ಮಾತ್ರ, ರಸ್ತೆ ಎಷ್ಟು ಸಾಗಿತು ಅಂತಲ್ಲ. 185/65 ಆರ್15 ಸೈಜಿನ ಟೈರಿನ ಅಡ್ಡಳತೆ ಹೊಸದರಲ್ಲಿ ಸುಮಾರು 621 ಮಿ.ಮೀ. ಟ್ರೆಡ್ (ಟೈರಿನ ಮೇಲಿನ ಗೀರುಗಳ ಆಳ) 8 ಮಿ.ಮೀ. ಇದ್ದದ್ದು ಸವೆದು 1.6ಕ್ಕೆ ಬಂದಾಗ ಅಡ್ಡಳತೆ 13 ಮಿ.ಮೀ. ಇಳಿಯುತ್ತೆ. ಅಂದರೆ 2 ಪರ್ಸೆಂಟ್. ಅದೇ ಕಾರು, ಅದೇ ಮೀಟರು, ಆದರೂ ಸವೆದ ಟೈರಿನಲ್ಲಿ 100ಕ್ಕೆ 2 ಕಿ.ಮೀ. ಜಾಸ್ತಿ ತೋರಿಸುತ್ತೆ. ಹಾಗಾಗಿ ಮೀಟರ್ ವಿಷಯ ಬಲ್ಲವನು ಮೊದಲು ಬಗ್ಗಿ ಟೈರಿನ ಪಕ್ಕದಲ್ಲಿರೋ ನಂಬರ್ ಓದ್ತಾನೆ. ಈ ಅಂಗಡಿಯವನು ಟೈರಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲೇ ಎದ್ದು ಬರಬೇಕಿತ್ತು.

ಅದರ ಬದಲು ಲ್ಯಾಪ್‌ಟಾಪ್ ತಂದು ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿ ಕಂಪ್ಯೂಟರಿನ ಮಾಹಿತಿ ಓದೋ ಸಾಕೆಟ್) ಕೇಬಲ್ ಚುಚ್ಚಿದ. ರಸ್ತೆಗೆ ಹೋದಾಗ ಮೀಟರ್ 100, ಲ್ಯಾಪ್‌ಟಾಪ್ ಪರದೆಯಲ್ಲಿ 95. "ನೋಡಿ ಸಾರ್, ಗಾಡಿ ಕಂಪ್ಯೂಟರ್ ಕರೆಕ್ಟಾಗಿ ಹೇಳ್ತಿದೆ, ನಿಮ್ ಮೀಟ್ರೇ ಸುಳ್ಳು ಹೇಳ್ತಿರೋದು." ಬಿದ್ದಿದ್ದು ಇಲ್ಲೇ. ಎಷ್ಟು ಸಲ ನೆನೆಸಿಕೊಂಡರೂ ಮೈ ಉರಿಯುತ್ತೆ. ಇಸಿಯುನಲ್ಲಿ, ಅಂದರೆ ಗಾಡಿಯ ಕಂಪ್ಯೂಟರಿನಲ್ಲಿ, ನಿಜಕ್ಕೆ ಹತ್ತಿರದ ವೇಗ ಇರುತ್ತೆ, ಏರಿಸೋ ಕೆಲಸವನ್ನು ಕ್ಲಸ್ಟರ್ (ಮೀಟರುಗಳೆಲ್ಲಾ ಇರೋ ಫಲಕ) ಮುಳ್ಳಿಗೆ ಮಾತ್ರ ಮಾಡುತ್ತೆ. ಆ 95 ಅಂದರೆ ಸೆನ್ಸರ್ ಸರಿ, ವೈರಿಂಗ್ ಸರಿ, ಎಲ್ಲಾ ಸರಿ ಅಂತ ಅರ್ಥ. ಗಾಡಿ ಆರೋಗ್ಯವಾಗಿದೆ ಅನ್ನೋ ರಿಪೋರ್ಟನ್ನೇ ಕೈಗೆ ಕೊಟ್ಟು ಕಾಯಿಲೆ ಇದೆ ಅಂದ ಹಾಗೆ! ತಲೆಯಾಡಿಸಿದ್ದಾಯ್ತು.

"ಮೀಟ್ರು ಸರಿ ಇದ್ರೆ ಮೈಸೂರು ಹೈವೇಲಿ ಧೈರ್ಯವಾಗಿ ನೂರಕ್ಕೆ ಓಡಿಸ್ಬೋದು ಸಾರ್, ಈಗ ನೀವು ತೊಂಬತ್ನಾಕಲ್ಲೇ ಹೋಗ್ತಿದೀರ." ಆ 6 ಕಿ.ಮೀ.ಗೆ 3,500.

ಕ್ಯಾಲಿಬ್ರೇಷನ್ ಅಂದರೆ ಲ್ಯಾಪ್‌ಟಾಪಿನಲ್ಲಿ ಏನೋ ಬರೀತಾನೆ ಅಂದುಕೊಂಡರೆ, ಏನೂ ಬರೆದಿಲ್ಲ. ಕ್ಲಸ್ಟರ್ ಬಿಚ್ಚಿ, ಮುಂದಿನ ಪ್ಲಾಸ್ಟಿಕ್ ಗಾಜು ತೆಗೆದು, ಎರಡು ಚಮಚ ಕೊಟ್ಟು ಮುಳ್ಳು ಮೀಟಿ ಎತ್ತಿ, 6 ಕಿ.ಮೀ. ಹಿಂದಕ್ಕೆ ಒತ್ತಿ ಕೂರಿಸಿದಾನೆ. ಅಷ್ಟೇ. ಅಷ್ಟಕ್ಕೇ 3,500. ಆಮೇಲೆ ರಸ್ತೆಗೆ ಕರೆದುಕೊಂಡು ಹೋಗಿ 100ರಲ್ಲಿ ತೋರಿಸಿದ: ಮೀಟರ್ 100, ಜಿಪಿಎಸ್ 100. 100ರಲ್ಲಿ ಮಾತ್ರ ತೋರಿಸಿದ, ಗಮನಿಸಿ.

ಗೊತ್ತಾಗಿದ್ದು ಗಾಡಿ ಆಫ್ ಮಾಡಿ ನಿಲ್ಲಿಸಿದ್ದಾಗ. ಮುಳ್ಳು ಸೊನ್ನೆ ಗೆರೆಯ ಮೇಲಿಲ್ಲ. ಗೆರೆಗಿಂತ ಸ್ವಲ್ಪ ಕೆಳಗೆ, ಬರೀ ಕಪ್ಪು ಜಾಗದಲ್ಲಿ ಮಲಗಿದೆ. ಡಯಲ್ ಮೇಲೆ ಬೆರಳಿನ ಗುರುತು, ಗಾಜಿನ ಒಳಗಡೆ ಒಂದು ಕೂದಲು.

ಮುಳ್ಳು ಜರುಗಿಸೋದು ಯಾಕೆ ರಿಪೇರಿ ಅಲ್ಲ ಅಂದರೆ, ಮೀಟರ್ ಎಷ್ಟು ಜಾಸ್ತಿ ತೋರಿಸುತ್ತೆ ಅನ್ನೋದು ವೇಗದ ಜೊತೆ ಬೆಳೆಯುತ್ತೆ. ಮುಳ್ಳು ಜರುಗಿಸಿದರೆ ಎಲ್ಲಾ ವೇಗಕ್ಕೂ ಒಂದೇ ಸಮ ಕಳೆಯುತ್ತೆ. ಅಳೆದ ಲೆಕ್ಕ ಇದು. ಮೊದಲು ನಿಜವಾದ 20ಕ್ಕೆ ಮೀಟರ್ 22, 40ಕ್ಕೆ 43, 60ಕ್ಕೆ 64, 80ಕ್ಕೆ 85, 100ಕ್ಕೆ 106. ಇವನ ಕೈಯಾಡಿದ ಮೇಲೆ 20ಕ್ಕೆ 16, 40ಕ್ಕೆ 37, 60ಕ್ಕೆ 58, 80ಕ್ಕೆ 79. ನೂರರ ಕೆಳಗೆ ಎಲ್ಲಾ ಕಡೆ ಕಮ್ಮಿ! ಯಾವುದು ಆಗಲೇಬಾರದು ಅಂತ ನಿಯಮ ಹೇಳುತ್ತೋ ಅದನ್ನೇ ದುಡ್ಡು ಕೊಟ್ಟು ಮಾಡಿಸಿಕೊಂಡಂತಾಯ್ತು. ಊರೊಳಗೆ ಮುಳ್ಳು 40ರಲ್ಲಿದೆ ಅಂತ ನೆಮ್ಮದಿಯಾಗಿ ಹೋಗ್ತಿದ್ದರೆ ಗಾಡಿ 43ರಲ್ಲಿರುತ್ತೆ. ಮೊದಲು 37ರಲ್ಲಿರ್ತಿತ್ತು.

ವಾಪಸ್ ಹೋಗಿ ಕೇಳಿದರೆ ಉತ್ತರ ನೋಡಿ. "ಜಿಪಿಎಸ್ಸೇ ತಪ್ಪು ಸಾರ್, ನಿಮ್ ಫೋನ್ ಹಳೇದು." ಮೊದಲ ದಿನ ಅದೇ ಫೋನು, ಅದೇ ಜಿಪಿಎಸ್ ಸಾಕ್ಷಿ ಆಗಿತ್ತು. ಮುಳ್ಳು ಸೊನ್ನೆ ಕೆಳಗಿದೆಯಲ್ಲಪ್ಪಾ ಅಂದರೆ, "ಅದು ರೆಸ್ಟ್ ಪೊಸಿಷನ್ ಸಾರ್." 40ಕ್ಕೆ 37 ತೋರಿಸುತ್ತೆ ಅಂದರೆ, "ಕ್ಯಾಮೆರಾ ಇರೋದು ನೂರಕ್ಕೆ ಸಾರ್, ನೂರಕ್ಕೆ ಕರೆಕ್ಟ್ ಮಾಡಿದೀನಿ. ನಲವತ್ತಕ್ಕೆ ಯಾರ್ ಸಾರ್ ನೋಡ್ತಾರೆ?" ಬಿಲ್ಲಿನಲ್ಲಿ ಕ್ಯಾಲಿಬ್ರೇಷನ್ ಅನ್ನೋ ಪದವೇ ಇಲ್ಲ, ‘ಮೀಟರ್ ಸರ್ವೀಸ್ ಲೇಬರ್’ ಅಂತಿದೆ. ಮಧ್ಯೆ ಮೆತ್ತಗೆ ಇನ್ನೊಂದು ಮಾತು: "ಕಿಲೋಮೀಟರ್ ಹಿಂದಕ್ಕೆ ಹಾಕ್ಬೇಕಾ ಸಾರ್? ಬಿಚ್ಚಿದಾಗಲೇ ಮಾಡ್ಬಿಡ್ಬೋದಿತ್ತು." ಇವರ ನಿಜವಾದ ಕಸುಬು ಯಾವುದು ಅಂತ ಆಗ ತಿಳೀತು. ಓಡಿದ ಕಿಲೋಮೀಟರ್ ಕಮ್ಮಿ ಮಾಡಿಸೋಕೆ ಒಪ್ಪಿದರೆ ಮುಂದೆ ಗಾಡಿ ಕೊಳ್ಳುವವರಿಗೆ ಮಾಡೋ ಮೋಸ, ಅದು ಬೇರೆ. ಕೆಲವು ಕಾರುಗಳಲ್ಲಿ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯೋದು) ಮಾಹಿತಿಯೂ ಕ್ಲಸ್ಟರಿನಲ್ಲೇ ಇರುತ್ತೆ. ಕಿಲೋಮೀಟರ್ ತಿದ್ದೋಕೆ ಅದರ ಚಿಪ್ಪಿಗೆ ಬರೆಯುವಾಗ ಎಡವಟ್ಟಾದರೆ ಗಾಡಿ ಸ್ಟಾರ್ಟೇ ಆಗಲ್ಲ.

ಹಾಗಾದರೆ ಸರಿ ಮಾಡೋಕೆ ಆಗೋದೇ ಇಲ್ವಾ? ಕೆಲವು ಗಾಡಿಗಳಲ್ಲಿ ಆಗುತ್ತೆ. ಕೇಬಲ್ ಇರೋ ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸಿನಲ್ಲಿರೋ ಪ್ಲಾಸ್ಟಿಕ್ ಗೇರನ್ನು ಬೇರೆ ಹಲ್ಲಿನ ಲೆಕ್ಕದ್ದಕ್ಕೆ ಬದಲಿಸಬಹುದು. ಈಗಿನ ಕೆಲವು ಕಾರುಗಳಲ್ಲಿ ಟೈರಿನ ಸುತ್ತಳತೆಯನ್ನು ಡಯಾಗ್ನೋಸ್ಟಿಕ್ ಸಾಫ್ಟ್‌ವೇರಿನಲ್ಲಿ ಬದಲಿಸೋ ಜಾಗ ಇರುತ್ತೆ. ಟೈರಿನ ಅಳತೆ ಬದಲಾಗಿದ್ದರೆ ಅದು ಸರಿಯಾದ ದಾರಿ, ಯಾಕಂದರೆ ಪರ್ಸೆಂಟ್ ಲೆಕ್ಕದಲ್ಲಿ ಬದಲಾಗುತ್ತೆ, ಓಡೋಮೀಟರೂ (ಓಡಿದ ಕಿಲೋಮೀಟರ್ ಎಣಿಸೋದು) ಜೊತೆಗೆ ಸರಿಹೋಗುತ್ತೆ. ನಿಮ್ಮ ಗಾಡಿಯಲ್ಲಿ ಆ ಜಾಗ ಇಲ್ಲ ಅಂದರೆ ಇಲ್ಲ, ಬಿಟ್ಟುಬಿಡಿ. ಚಕ್ರದ ಸೆನ್ಸರ್ ವೈರಿನ ಮಧ್ಯೆ ಡಬ್ಬಿ ಸೇರಿಸ್ತೀನಿ ಅನ್ನೋರನ್ನು ಹತ್ತಿರ ಸೇರಿಸಬೇಡಿ. ಆ ವೈರನ್ನು ನಂಬಿಕೊಂಡೇ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡೋ ವ್ಯವಸ್ಥೆ) ಕೆಲಸ ಮಾಡೋದು.

ಟೈರು ದೊಡ್ಡದು ಹಾಕಿಸಿದವರು ಮಾತ್ರ ಲೆಕ್ಕ ನೋಡಲೇಬೇಕು. 185/65 ತೆಗೆದು 195/65 ಆರ್15 ಹಾಕಿದರೆ ಅಡ್ಡಳತೆ 634.5 ಮಿ.ಮೀ., 2.1 ಪರ್ಸೆಂಟ್ ಜಾಸ್ತಿ. 205/65 ಹಾಕಿದರೆ 4.2. ಮೀಟರ್ ಅಷ್ಟು ಕಮ್ಮಿ ತೋರಿಸುತ್ತೆ, ಓಡೋಮೀಟರೂ ಕಮ್ಮಿ ಎಣಿಸುತ್ತೆ. ಆಮೇಲೆ ಮೈಲೇಜ್ ಬಿತ್ತು ಅಂತ ಪೆಟ್ರೋಲ್ ಬಂಕಿನವರನ್ನ ಬೈತಾ ಕೂರ್ತೀರ.

ಪರೀಕ್ಷೆ ನೀವೇ ಮಾಡಿ, ಕಾಸು ಖರ್ಚಿಲ್ಲ. ಟೈರು ತಣ್ಣಗಿದ್ದಾಗ ಬಾಗಿಲ ಪಕ್ಕದ ಸ್ಟಿಕರಿನಲ್ಲಿದ್ದಷ್ಟೇ ಗಾಳಿ ಹಾಕಿಸಿ. ಮಟ್ಟಸವಾದ ನೇರ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಹತ್ತು ಸೆಕೆಂಡ್ ಬಿಟ್ಟು ಜಿಪಿಎಸ್ ನೋಡಿ (ಪಕ್ಕದಲ್ಲಿ ಕೂತವರು ನೋಡಲಿ). ವೇಗ ಏರಿಳಿಸುವಾಗ ಜಿಪಿಎಸ್ ಹಿಂದೆ ಬೀಳುತ್ತೆ, ಫ್ಲೈಓವರ್ ಕೆಳಗಂತೂ ನಂಬಲೇಬೇಡಿ. ಜಿಪಿಎಸ್ ಬೇಡ ಅಂದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದುಕೊಳ್ಳಿ. ಮುಳ್ಳು 80ರಲ್ಲಿ ನಿಂತಿದ್ದಾಗ ಒಂದು ಕಿ.ಮೀ.ಗೆ 45 ಸೆಕೆಂಡ್ ಆಗಬೇಕು, 48 ಆದರೆ ನಿಜವಾದ ವೇಗ 75. ಒಂದೇ ಕಲ್ಲಿಗೆ ನಿಲ್ಲಿಸದೆ ನಾಲ್ಕೈದು ಕಿ.ಮೀ. ಎಣಿಸಿ. ಮುಖ್ಯವಾಗಿ ಕನಿಷ್ಠ ಮೂರು ವೇಗದಲ್ಲಿ ನೋಡಿ. ಒಂದೇ ವೇಗದಲ್ಲಿ ತೋರಿಸಿ ಮೋಸ ಮಾಡೋದು ಎಷ್ಟು ಸುಲಭ ಅಂತ ಈಗಷ್ಟೇ ಹೇಳಿದೆ.

ಮುಳ್ಳು ಕುಣಿದಾಡಿದರೆ, ಓಡ್ತಾ ಓಡ್ತಾ ಸೊನ್ನೆಗೆ ಬಿದ್ದರೆ, ಜೊತೆಗೆ ಎಬಿಎಸ್ ದೀಪ ಹತ್ತಿದರೆ ಅದು ನಿಜವಾದ ರಿಪೇರಿ. ಸೆನ್ಸರ್, ವೈರು, ಇಲ್ಲವೇ ಸೆನ್ಸರ್ ಓದೋ, ಕೆಸರು ಮೆತ್ತಿಕೊಂಡ ಚಕ್ರದ ರಿಂಗು. ಸರ್ವೀಸ್ ಸೆಂಟರಿಗೇ ಹೋಗಿ.

ನಮ್ಮ ಕ್ಲಸ್ಟರನ್ನು ಸರ್ವೀಸ್ ಸೆಂಟರಿನವರು ನೋಡಿ, ಹೊರಗಡೆ ಬಿಚ್ಚಿದ್ದಾರೆ, ವಾರಂಟಿ ಇಲ್ಲ, ಪೂರ್ತಿ ಹೊಸದೇ ಹಾಕಬೇಕು ಅಂದರು. ಅಂಗಡಿಯವನಿಗೆ ಫೋನ್ ಮಾಡಿ ಹೇಳಿದರೆ ಸ್ವಲ್ಪವೂ ಬೇಸರ ಇಲ್ಲ. "ಅದ್ಯಾಕ್ ಸಾರ್ ಅಷ್ಟ್ ದುಡ್ಡು? ಗಾಡಿ ತಗೊಂಡ್ ಬನ್ನಿ, ಒಂದ್ ಸಾವ್ರ ಕೊಡಿ, ಮುಳ್ಳು ಮೊದ್ಲಿದ್ದಲ್ಲೇ ಕೂರ್ಸ್‌ಕೊಡ್ತೀನಿ."