ಲಾವೋಸ್‌ನ ಕೋಪ್ ವಿಸಿಟರ್ ಸೆಂಟರ್: ಟೈಮ್ ಇಟ್ಕೊಂಡು ಹೋಗಿ

ಲಾವೋಸ್ ರಾಜಧಾನಿ ವಿಯೆಂಟಿಯಾನ್‌ಗೆ ಹೋದೋರು ಪಾಟುಸೈ ಗೇಟು, ಒಂದೆರಡು ದೇವಸ್ಥಾನ, ಮೆಕಾಂಗ್ ದಡದ ನೈಟ್ ಮಾರ್ಕೆಟ್ ನೋಡ್ಕೊಂಡು ಲುವಾಂಗ್ ಪ್ರಬಾಂಗ್ ಕಡೆ ಹೊರಟುಬಿಡ್ತಾರೆ. ಕಾಲು ಕಳ್ಕೊಂಡೋರಿಗೆ ಕೃತಕ ಕಾಲು ಕೊಡೋ ಕೋಪ್ ಸಂಸ್ಥೆಯ ಈ ಸೆಂಟರ್ ಲಿಸ್ಟಲ್ಲಿ ಇದ್ರೂ ಟೂರ್‌ನವರು ಹದಿನೈದು ನಿಮಿಷ ಕೊಟ್ಟು ಬಸ್ ಹತ್ತಿಸ್ತಾರೆ. ದಯವಿಟ್ಟು ಹಾಗೆ ನೋಡ್ಬೇಡಿ, ಒಂದೂವರೆ ಗಂಟೆಯಾದ್ರೂ ಬೇಕು. ಎಂಟ್ರಿ ಫ್ರೀ, ಇಷ್ಟ ಇದ್ರೆ ಡೊನೇಷನ್ ಹಾಕ್ಬಹುದು. ಜಾಗ ಖೂವಿಯೆಂಗ್ ರೋಡಲ್ಲಿ ಸರ್ಕಾರಿ ರಿಹ್ಯಾಬಿಲಿಟೇಷನ್ ಸೆಂಟರ್ ಕಾಂಪೌಂಡ್ ಒಳಗೇ ಇದೆ, ಅಂದ್ರೆ ಇದು ಬರೀ ಮ್ಯೂಸಿಯಂ ಅಲ್ಲ, ಅದೇ ಆವರಣದಲ್ಲಿ ಕೃತಕ ಕಾಲು ಮಾಡಿ, ಅಳತೆ ನೋಡಿ, ಹಾಕಿ ನಡೆಸಿ ಕಳಿಸೋ ಕೆಲಸ ನಡೀತಿರುತ್ತೆ.

ಒಳಗೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದು ಸೂರಿಂದ ಇಳಿಬಿಟ್ಟಿರೋ ಕ್ಲಸ್ಟರ್ ಬಾಂಬ್ ಡಬ್ಬ, ಅದರ ಕೆಳಗೆ ಟೆನಿಸ್ ಬಾಲ್ ಸೈಜಿನ ಸಣ್ಣ ಸಣ್ಣ ಬಾಂಬ್‌ಗಳು. ಅಲ್ಲಿನ ಜನ ಇದನ್ನ ಬಾಂಬಿ ಅಂತಾರೆ. ಬೀಳೋವಾಗ ಬಿಚ್ಕೊಂಡು ಬಾಂಬಿಗಳನ್ನ ಚೆಲ್ಲೋ ಇಂಥ ಒಂದು ಡಬ್ಬದಲ್ಲಿ 600ಕ್ಕಿಂತ ಜಾಸ್ತಿ ಇರ್ತಿತ್ತು. ವಿಯೆಟ್ನಾಂ ಯುದ್ಧದ ಹೊತ್ತಲ್ಲಿ, 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗಿಂತ ಹೆಚ್ಚು ಬಾಂಬ್ ಹಾಕ್ತು, ಅದರಲ್ಲಿ ಬಾಂಬಿಗಳೇ ಸುಮಾರು 27 ಕೋಟಿ, ಮೂರರಲ್ಲಿ ಒಂದರಷ್ಟು ಸಿಡೀದೇ ಹಾಗೇ ಮಣ್ಣಲ್ಲಿ ಉಳ್ಕೊಂಡ್ವು ಅಂತ ಅಂದಾಜು. ಯುದ್ಧ ಮುಗಿದ ಮೇಲೂ ಇವುಗಳಿಂದ ಸತ್ತೋರು, ಗಾಯಗೊಂಡೋರು 20,000ಕ್ಕಿಂತ ಜಾಸ್ತಿ. ಗದ್ದೆ ಅಗೀವಾಗ, ಅಡುಗೆಗೆ ಬೆಂಕಿ ಹಾಕಿದಾಗ ಕೆಳಗಿನ ಮಣ್ಣು ಕಾದು, ಗುಜರಿಗೆ ಮಾರೋಕೆ ಕಬ್ಬಿಣ ಹುಡುಕೋವಾಗ, ಮಕ್ಕಳು ಚೆಂಡು ಅಂದ್ಕೊಂಡು ಎತ್ಕೊಂಡಾಗ.

ನನ್ನ ಜಾಸ್ತಿ ಹೊತ್ತು ನಿಲ್ಲಿಸಿದ್ದು ಮಾತ್ರ ಹಳೇ ಕಾಲುಗಳು. ಹಳ್ಳಿಯವರು ತಾವೇ ಮಾಡ್ಕೊಂಡು ಹಾಕ್ಕೊಳ್ತಿದ್ದ ಕಾಲುಗಳವು, ಮರದ್ದು, ಬಿದಿರಿಂದು, ಸಿಕ್ಕ ಲೋಹದ್ದು. ಹೊಸ ಕಾಲು ಸಿಕ್ಕ ಮೇಲೆ ಬಿಟ್ಟುಹೋದವು. ಎಷ್ಟು ಸಲ ರಿಪೇರಿ ಮಾಡಿದಾರೆ, ತೊಡೆಗೆ ತಾಗೋ ಕಡೆ ಬಟ್ಟೆ ಸುತ್ತಿದಾರೆ, ಪಟ್ಟಿ ಬದಲಾಯಿಸಿದಾರೆ, ಅದನ್ನ ಹಾಕ್ಕೊಂಡೇ ಗದ್ದೆಗಿಳಿದು ಕೆಲಸ ಮಾಡಿದಾರೆ ಅಂತ ನೋಡಿದ್ರೇ ಗೊತ್ತಾಗುತ್ತೆ.

ಬಾಂಬ್ ತೆಗೆಯೋಕೆ, ಗಾಯಗೊಂಡೋರಿಗೆ ಅಂತ ದಾನಿ ದೇಶಗಳು ಕೊಡೋ ದುಡ್ಡಿನ ವಿಷಯ ನನಗೆ ಸರಿಯಾಗಿ ಅರ್ಥ ಆಗಿದ್ದು ಇಲ್ಲೇ. ಒಂದು ಗದ್ದೆ ಬಾಂಬ್ ತೆಗೆದು ಒಂದು ಸಲ ಸರಿಯಾಗಿ ಕ್ಲಿಯರ್ ಆಯ್ತು ಅಂದ್ರೆ ಆಯ್ತು, ಇಷ್ಟು ಹೆಕ್ಟೇರ್ ಆಯ್ತು ಅಂತ ರಿಪೋರ್ಟಲ್ಲಿ ಬರೀಬಹುದು. ಕಾಲು ಹಾಗಲ್ಲ. ಎಂಟು ವರ್ಷದ ಮಗು ಕಾಲು ಕಳ್ಕೊಂಡ್ರೆ, ಬೆಳೆಯೋಷ್ಟು ದಿನ ಹೆಚ್ಚುಕಮ್ಮಿ ವರ್ಷಕ್ಕೊಂದು, ಕೆಲವೊಮ್ಮೆ ಆರು ತಿಂಗಳಿಗೇ ಇನ್ನೊಂದು ಕಾಲು ಬೇಕು, ದೊಡ್ಡೋರಾದ ಮೇಲೂ ಎರಡು-ಮೂರು ವರ್ಷಕ್ಕೊಂದು, ಸಾಯೋವರೆಗೂ. ಮತ್ತೆ ಆ ಮಗುನ ದೂರದ ಬೆಟ್ಟದ ಹಳ್ಳಿಯಿಂದ ಕರ್ಕೊಂಡು ಬರೋಕೆ ಬಸ್ ಚಾರ್ಜು, ಜೊತೆಗೆ ಬರೋ ಅಮ್ಮನ ಊಟ, ಉಳಿಯೋಕೆ ಜಾಗ. ಕೊಡೋಕಾಗದೋರಿಗೆ ಇದನ್ನೆಲ್ಲ ಕೋಪ್‌ನವರು ನೋಡ್ಕೊಳ್ತಾರೆ. 1997ರಲ್ಲಿ ಶುರುವಾದ ಸಂಸ್ಥೆ ಇದು, ಶಿಯೆಂಗ್ ಖ್ವಾಂಗ್, ಸವನ್ನಖೇತ್‌ನಂಥ ಕಡೆಯ ಪ್ರಾಂತ್ಯದ ಸೆಂಟರ್‌ಗಳ ಜೊತೆನೂ ಕೆಲಸ ಮಾಡುತ್ತೆ. ಬಾಂಬ್ ಗಾಯದವರಿಗೆ ಮಾತ್ರ ಅಲ್ಲ, ರಸ್ತೆ ಅಪಘಾತದವರಿಗೆ, ಹುಟ್ಟಿನಿಂದಲೇ ಪಾದ ತಿರುಚಿರೋ ಮಕ್ಕಳಿಗೂ ಇಲ್ಲೇ.

ಒಬಾಮಾ 2016ರ ಸೆಪ್ಟೆಂಬರ್‌ನಲ್ಲಿ ಈ ಸೆಂಟರ್‌ಗೇ ಬಂದಿದ್ರು, ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಬಂದ ಮೊದಲ ಅಮೆರಿಕ ಅಧ್ಯಕ್ಷ. ಆ ಭೇಟಿಯಲ್ಲಿ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದ್ರು. ನೆಲಬಾಂಬ್, ಸಿಡಿಯದ ಬಾಂಬ್ ತೆಗೆಯೋ ಕೆಲಸಕ್ಕೆ ಜಗತ್ತಲ್ಲಿ ಅತಿ ಹೆಚ್ಚು ಕೊಟ್ಟಿರೋ ದೇಶನೂ ಅಮೆರಿಕಾನೇ, 1993ರಿಂದ ಈಚೆಗೆ 500 ಕೋಟಿ ಡಾಲರ್‌ಗಿಂತ ಹೆಚ್ಚು, ಅದನ್ನ ಒಪ್ಕೊಳ್ಳಲೇಬೇಕು, ಆ ದುಡ್ಡಿಂದ ಎಷ್ಟೋ ಗದ್ದೆ, ಸ್ಕೂಲ್ ಅಂಗಳ ಕ್ಲೀನ್ ಆಗಿದೆ. ಗಾಯಗೊಂಡೋರಿಗಾಗಿ 1989ರಿಂದ ಲೇಹಿ ವಾರ್ ವಿಕ್ಟಿಮ್ಸ್ ಫಂಡ್ ಅಂತ ಬೇರೆ ನಿಧಿ ಕೂಡ ಇತ್ತು. ಆದ್ರೆ ಎಲ್ಲ ದಾನಿ ದೇಶಗಳದ್ದೂ ಸೇರಿಸಿ ನೋಡಿದ್ರೆ ದೊಡ್ಡ ಪಾಲು ಬಾಂಬ್ ತೆಗೆಯೋಕೆ ಹೋಗುತ್ತೆ, ಗಾಯಗೊಂಡೋರ ಪಾಲಿಗೆ ಬರೋದು ತುಂಬಾ ಕಮ್ಮಿ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನ 90 ದಿನ ತಡೆಹಿಡಿದಾಗ ಬಾಂಬ್ ತೆಗೆಯೋ ಕೆಲಸನೂ ನಿಲ್ಲಿಸಿ ಅಂತ ಆರ್ಡರ್ ಹೋಯ್ತು. ತಮ್ಮದೇ ವಿಮಾನದಿಂದ ಬಿದ್ದ ಬಾಂಬ್ ತೆಗೆಯೋಕೆ ಕೊಡೋ ದುಡ್ಡನ್ನ ನೆರವು ಅನ್ನೋಕೇ ನನಗೆ ಮನಸ್ಸು ಬರಲ್ಲ, ಅದು ಸಾಲ ತೀರಿಸೋದು, ಸಾಲದ ಕಂತು ಸರ್ಕಾರ ಬದಲಾಯ್ತು ಅಂತ ನಿಲ್ಲಬಾರದು. ಕ್ಲಸ್ಟರ್ ಬಾಂಬ್ ನಿಷೇಧದ ಒಪ್ಪಂದ 2010ರಲ್ಲಿ ಜಾರಿಗೆ ಬಂತು, ಅದನ್ನ ಒಪ್ಪಿದ ದೇಶಗಳ ಮೊದಲ ಸಭೆ ಅದೇ ವರ್ಷ ಇದೇ ವಿಯೆಂಟಿಯಾನ್‌ನಲ್ಲಿ ನಡೀತು, ಅಮೆರಿಕ ಇವತ್ತಿಗೂ ಅದಕ್ಕೆ ಸಹಿ ಹಾಕಿಲ್ಲ.

ಹೋಗೋರಿಗೆ ಇನ್ನೊಂದೆರಡು ಮಾತು. ಡಾಕ್ಯುಮೆಂಟರಿ ತೋರಿಸೋ ರೂಮ್ ಇದೆ, ಅದನ್ನ ಬಿಟ್ಟು ಬರ್ಬೇಡಿ. ಮಕ್ಕಳನ್ನ ಕರ್ಕೊಂಡು ಹೋಗ್ಬಹುದು, ಆದ್ರೆ ಹತ್ತು ವರ್ಷದೊಳಗಿನವರಾದ್ರೆ ಮೊದಲೇ ಸ್ವಲ್ಪ ಹೇಳಿ ಕರ್ಕೊಂಡು ಹೋಗಿ. ಕಾಂಪೌಂಡಲ್ಲಿ ಚಿಕಿತ್ಸೆಗೆ ಬಂದೋರು ಓಡಾಡ್ತಿರ್ತಾರೆ, ಅವರ ಫೋಟೋ ತೆಗೀಬೇಡಿ. ಶಾಪಲ್ಲಿ ಏನಾದ್ರೂ ತಗೊಂಡ್ರೆ ಆ ದುಡ್ಡು ಇದೇ ಕೆಲಸಕ್ಕೆ ಹೋಗುತ್ತೆ, ಕೈಯಲ್ಲಿ ಮಿಕ್ಕಿರೋ ಕಿಪ್ (ಅಲ್ಲಿನ ದುಡ್ಡು) ಏರ್‌ಪೋರ್ಟಲ್ಲಿ ಚಾಕಲೇಟ್‌ಗೆ ಖರ್ಚು ಮಾಡೋ ಬದಲು ಇಲ್ಲಿ ಹಾಕಿ. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್.